ವಿಮಾನದ ಹಣೆ

ಅಕ್ಟೋಬರ್ ೧೨, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಕಾಶಿಯ ಶಿವಾಲದಲ್ಲಿರುವ ನಮ್ಮ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದೇನೆ. ಕೆಳಗೆ ಅವ್ವ ಚಹಾಕ್ಕೆ ನೀರಿಟ್ಟ ಸದ್ದು ಕೇಳುತ್ತಿದೆ. ಅವಳು ಮೇಲೆ ಬರುವುದರೊಳಗೆ ಪತ್ರಿಕೆಗೆ ಕಳಿಸುವ ಇದನ್ನು ಅರ್ಧವಾದರೂ ಬರೆಯಬೇಕು. ಅವಳ ಬಗ್ಗೆ ನಾನು ಆಡಿದ ಒಂದು ಮಾತು ಇದರಲ್ಲಿದೆ. ಆ ಮಾತು ಅವಳಿಗೆ ಈಗಾಗಲೇ ಗೊತ್ತು. ಆದರೂ ಅವಳು ಎದುರಿಗಿದ್ದಾಗ ಅದನ್ನು ಬರೆಯಲು ಕೈ ಬರುವುದಿಲ್ಲ.

ನಾನು ಮೂರನೇ ತರಗತಿಯಲ್ಲಿದ್ದಾಗ ಅಪ್ಪನಿಗೆ ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾಯಿತು. ರೈಲ್ವೆ ನೌಕರಿ. ಎರಡು ವರ್ಷಕ್ಕೆಂದು ಬಂದವರು ಇಲ್ಲೇ ಉಳಿದೆವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ. ಈಗ ನನಗೆ ಇಪ್ಪತ್ತೊಂದು. ಊರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರವಿರುವ ಒಂದು ಸಣ್ಣ ಏರ್‌ಸ್ಟ್ರಿಪ್‌ನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದೇನೆ. ಎರಡೇ ಸೀಟು, ಒಂದೇ ಎಂಜಿನ್, ತಲೆಯ ಮೇಲೆ ಚಾಚಿಕೊಂಡ ರೆಕ್ಕೆ. ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಯಾರಾದರೂ ಅದನ್ನು ಮಕ್ಕಳ ಆಟದ್ದು ಎಂದುಕೊಂಡಾರು.

ಲೆಕ್ಕ ಬರೆದಿಡುವುದು ನನಗೆ ಮೊದಲಿನಿಂದಲೂ ರೂಢಿ. ಅಕ್ಟೋಬರ್ ಒಂದಕ್ಕೆ ನನ್ನ ಲೆಕ್ಕ ಹೀಗಿತ್ತು: ಹಾರಾಟ ಹದಿನೇಳು ಗಂಟೆ, ಇಳಿದದ್ದು ಎಪ್ಪತ್ತೊಂದು ಸಲ, ಒಬ್ಬಳೇ ಹಾರಿದ್ದು ಸೊನ್ನೆ. ಆ ಸೊನ್ನೆಯನ್ನು ಅಳಿಸುವುದೇ ಕಲಿಯುವವರೆಲ್ಲರ ಕನಸು. ಒಂದು ದಿನ ಕಲಿಸುವವರು ಎಂಜಿನ್ ನಡೆಯುತ್ತಿರುವಾಗಲೇ ಬಾಗಿಲು ತೆರೆದು ಕೆಳಗಿಳಿಯುತ್ತಾರೆ. ಪಕ್ಕದ ಸೀಟು ಖಾಲಿಯಾಗುತ್ತದೆ. ನಾವು ಒಬ್ಬರೇ ಮೇಲೇರಿ ಒಂದು ಸುತ್ತು ಹಾಕಿ ಇಳಿಯಬೇಕು. ನನ್ನ ಸರದಿ ವಿಜಯದಶಮಿಯ ಮರುದಿನ, ಮೂರನೇ ತಾರೀಖು ಎಂದು ಕ್ಯಾಪ್ಟನ್ ಸಾಹೇಬರು ಹೇಳಿದ್ದರು. ಕಲಿಸುವವರು ಅವರೇ, ಬಲಿಯಾ ಕಡೆಯವರು, ಕೋಪ ಬಂದಾಗ ಹಿಂದಿಯಿಂದ ಭೋಜಪುರಿಗೆ ಜಾರುವವರು. ಆ ಬೆಳಿಗ್ಗೆ ಮೊದಲು ಅವರನ್ನು ಕೂರಿಸಿಕೊಂಡು ಒಮ್ಮೆ ಸ್ಟಾಲ್ ಮಾಡಿ ತೋರಿಸಬೇಕಿತ್ತು. ಅದು ಸರಿಯಾದರೆ ಅವರು ಇಳಿಯುವವರಿದ್ದರು.

ಸ್ಟಾಲ್ ಎಂದರೆ ಎಂಜಿನ್ ನಿಲ್ಲುವುದಲ್ಲ. ಮೂತಿ ಎತ್ತಿ ವೇಗ ಕಳೆದುಕೊಂಡಾಗ ರೆಕ್ಕೆಗೆ ಗಾಳಿಯ ಹಿಡಿತ ತಪ್ಪುತ್ತದೆ, ವಿಮಾನ ಕುಸಿಯುತ್ತದೆ. ನೆಲಕ್ಕೆ ಹತ್ತಿರವಿದ್ದಾಗ ಹೀಗಾದರೆ ಸುಧಾರಿಸಿಕೊಳ್ಳಲು ಎತ್ತರವಿರುವುದಿಲ್ಲ. ಆದ್ದರಿಂದ ಸಣ್ಣ ವಿಮಾನ ಮಾಡುವವರು ಇದಕ್ಕೆ ಬಹಳ ತಲೆ ಕೆಡಿಸಿಕೊಂಡಿದ್ದಾರೆ, ಮತ್ತು ಅವರು ಕಂಡುಕೊಂಡ ಉಪಾಯಗಳು ನೋಡಲು ಏನೂ ಅಲ್ಲ ಅನ್ನಿಸುವಷ್ಟು ಸರಳ. ನಾನು ಇವನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ಅಪ್ಪ ಅವ್ವನಿಗೆ ವಿವರಿಸುತ್ತಿದ್ದೆ. ಎಂಜಿನ್ನಿಗೆ ಕಸುವು ಕೊಡಲು ಒತ್ತುವ ಗುಬ್ಬಿ, ಅಂದರೆ ನಾಬ್, ಕಪ್ಪು, ನುಣುಪು; ಪೆಟ್ರೋಲು ಕಡಿಮೆ ಮಾಡುವ ಗುಬ್ಬಿ ಕೆಂಪು, ಅಂಚೆಲ್ಲ ಹಲ್ಲುಹಲ್ಲು. ಕಣ್ಣು ಹೊರಗಿದ್ದರೂ ಕೈಗೆ ಯಾವುದು ಯಾವುದೆಂದು ತಿಳಿಯುತ್ತದೆ. ನಿಂತ ವಿಮಾನದ ಚುಕ್ಕಾಣಿ ಗಾಳಿಗೆ ಅಲ್ಲಾಡದಂತೆ ಒಂದು ಸಲಾಕೆ ಹಾಕುತ್ತಾರೆ. ಆ ಸಲಾಕೆಗೆ ಒಂದು ಕೆಂಪು ತಗಡು ಅಂಟಿಸಿರುತ್ತಾರೆ, ಅದು ನೇರವಾಗಿ ಬೀಗದ ಕೈ ಹಾಕುವ ತೂತಿನ ಮೇಲೆ ಬಂದು ಕೂರುತ್ತದೆ. ಸಲಾಕೆ ತೆಗೆಯದೆ ಎಂಜಿನ್ ಶುರು ಮಾಡಲು ಹೋದರೆ ತಗಡು ಅಡ್ಡ ಬರುತ್ತದೆ.

"ಇದನ್ನ ಮಾಡಿದಾಂವ ಮರೆವಿನ ಮನುಷ್ಯಾನ ಇರಬೇಕು" ಎಂದಿದ್ದರು ಅಪ್ಪ. "ಛತ್ರಿ ಕಳಕೊಂಡವಗೇ ಇಂಥಾ ಬುದ್ಧಿ ಬರೋದು."

ಸ್ಟಾಲ್‌ಗೆ ಎರಡು ಉಪಾಯ. ಒಂದು, ರೆಕ್ಕೆಯನ್ನು ಕೊಂಚ ತಿರುಚಿರುತ್ತಾರೆ. ಬುಡಕ್ಕಿಂತ ತುದಿ ಸ್ವಲ್ಪ ಕೆಳಮುಖ. ಅದರಿಂದ ಹಿಡಿತ ತಪ್ಪುವಾಗ ಮೊದಲು ಬುಡದಲ್ಲಿ ತಪ್ಪುತ್ತದೆ, ತುದಿಯಲ್ಲಿ ಇನ್ನೂ ಉಳಿದಿರುತ್ತದೆ. ವಿಮಾನವನ್ನು ಎಡಬಲ ವಾಲಿಸುವ ಪಟ್ಟಿಗಳು ಇರುವುದು ತುದಿಯ ಕಡೆಗೆ, ಹಾಗಾಗಿ ಕೊನೆಯ ತನಕ ಅವು ಕೈಯಲ್ಲಿರುತ್ತವೆ. ಎರಡನೆಯದು, ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಸಣ್ಣ ತೂತು. ಅದರಿಂದ ಒಂದು ಕೊಳವೆ ಒಳಗೆ ಬರುತ್ತದೆ, ಕೊಳವೆಯ ಕೊನೆಗೆ ಹಾರ್ಮೋನಿಯಂನಲ್ಲಿರುವಂಥ ಒಂದು ನಾಲಗೆ. ವೇಗ ತೀರ ಇಳಿದಾಗ ಆ ತೂತಿನ ಬಳಿಯ ಗಾಳಿ ಒಳಗಿನದನ್ನು ಹೊರಕ್ಕೆ ಹೀರುತ್ತದೆ, ನಾಲಗೆ ಕೂಗುತ್ತದೆ. ಹಿಡಿತ ತಪ್ಪುವ ಮೊದಲೇ, ಪೈಲಟ್‌ನ ಕಿವಿಯ ಹತ್ತಿರವೇ.

"ಕರೆಂಟ್ ಹೋದ್ರೂ ಕೂಗತೈತೇನು?" ಅವ್ವ ಕೇಳಿದ್ದಳು.

"ಅದಕ್ಕ ಕರೆಂಟೇ ಇಲ್ಲವ್ವ. ಬರೀ ಗಾಳಿ."

"ಚಲೋ ಮಾಡ್ಯಾರ" ಎಂದು ಅವಳು ಇನ್ನೊಂದು ರೊಟ್ಟಿ ಬಡಿಸಿದ್ದಳು.

ಆ ಹಾರ್ನು ಸರಿಯಿದೆಯೇ ಎಂದು ನೋಡುವ ರೀತಿಯೂ ಅಷ್ಟೇ ಸರಳ. ಹಾರುವ ಮುನ್ನ ಸ್ಟೂಲ್ ಹತ್ತಿ, ತೂತಿನ ಮೇಲೆ ಶುಭ್ರವಾದ ಕರ್ಚೀಫು ಇಟ್ಟು, ಬಾಯಿ ಹಚ್ಚಿ ಎಳೆಯಬೇಕು. ಒಳಗೆ ಕೂಗಿದರೆ ಸರಿ. ಇದನ್ನು ಮಾತ್ರ ನಾನು ಅವ್ವನಿಗೆ ಹೇಳಿರಲಿಲ್ಲ. ಅವಳು ನಗುತ್ತಾಳೆ ಅನ್ನಿಸಿತ್ತು.

ನಮ್ಮ ಕಡೆ ಮಹಾನವಮಿಗೆ ಖಂಡೇನವಮಿ ಎನ್ನುತ್ತಾರೆ. ಮನೆಯಲ್ಲಿ ಏನೇನು ಹತಾರಗಳಿವೆಯೋ ಅವಕ್ಕೆಲ್ಲ ಅಂದು ಪೂಜೆ. ಅವ್ವ ಮಿಕ್ಸರಿಗೆ, ಹೊಲಿಗೆ ಯಂತ್ರಕ್ಕೆ, ಅಪ್ಪನ ಸ್ಕೂಟರಿಗೆ ವಿಭೂತಿ ಕುಂಕುಮ ಹಚ್ಚಿ ಪೂಜೆ ಮಾಡುತ್ತಾಳೆ. ಈ ವರ್ಷ ಒಂದು ತಿಂಗಳ ಮೊದಲೇ ಕೇಳಿಟ್ಟಿದ್ದಳು: "ನಿನ್ನ ವಿಮಾನಕ್ಕ ಯಾರು ಮಾಡತಾರ?" ಇಲ್ಲಿಯವರು ಯಂತ್ರಗಳಿಗೆಲ್ಲ ಸೆಪ್ಟೆಂಬರಿನಲ್ಲೇ ವಿಶ್ವಕರ್ಮ ಪೂಜೆ ಮಾಡಿ ಮುಗಿಸಿರುತ್ತಾರೆ. ಕ್ಯಾಪ್ಟನ್ ಸಾಹೇಬರನ್ನು ಕೇಳಿದೆ. "ಕರವಾ ಲೋ" ಎಂದರು. ಮಾಡಿಸಿಕೋ, ಆಶೀರ್ವಾದಕ್ಕೆ ಯಾರು ಬೇಡ ಅಂತಾರೆ ಎಂಬರ್ಥದಲ್ಲಿ ಕೈಯಾಡಿಸಿದರು.

ಹಾಗಾಗಿ ಒಂದನೇ ತಾರೀಖು ಅವ್ವ ಪಕ್ಕದ ಸೋನಾರ್‌ಪುರದಲ್ಲಿ ಚೆಂಡುಹೂವಿನ ಮಾಲೆ, ನಿಂಬೆಹಣ್ಣು, ಒಂದು ಬೂದುಗುಂಬಳಕಾಯಿ ಕೊಂಡಳು. ಕಾಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಕಂಡಕ್ಟರು ಅದಕ್ಕೂ ಟಿಕೆಟ್ ತಗೋಬೇಕು ಎಂದು ತಮಾಷೆ ಮಾಡಿದ. ಅವ್ವ ನಕ್ಕಳು, ನಾನು ನಗಲಿಲ್ಲ. ಆಗಲೇ ನನಗೆ ಮುಜುಗರ ಶುರುವಾಗಿತ್ತು.

ಹ್ಯಾಂಗರಿನಲ್ಲಿ ನನ್ನ ಜೊತೆ ಕಲಿಯುವ ನಾಲ್ವರು ಇದ್ದರು. ಅವರಲ್ಲಿ ಗೋರಖ್‌ಪುರದ ಹುಡುಗನೊಬ್ಬ ಬಾಯಿಬಡುಕ. ಅವ್ವ ತಟ್ಟೆಯಲ್ಲಿ ವಿಭೂತಿ ಗಟ್ಟಿ ತೇಯ್ದು ನೀರು ಕಲಸುತ್ತಿದ್ದಂತೆ ಅವನು ಶುರುಮಾಡಿದ. ನಿಮ್ಮ ಕಡೆಗೆ ವಿಶ್ವಕರ್ಮ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಾನಾ, ಇಷ್ಟು ಲೇಟು ಎಂದ. ಇನ್ನೊಬ್ಬ, ಕಾಶಿಗೆ ಬಂದ ಮೇಲೆ ಪ್ಲೇನಿನ ಮುಂಡನವನ್ನೂ ಮಾಡಿಸಿಬಿಡಿ ಎಂದ. ಯಾರೋ ಮೊಬೈಲು ಎತ್ತಿ ಹಿಡಿದರು. ಅವ್ವನಿಗೆ ಇದು ಯಾವುದೂ ಕಿವಿಗೆ ಬಿದ್ದಂತಿರಲಿಲ್ಲ. ಅವಳು ಸ್ಟೂಲಿನ ಮೇಲೆ ಹತ್ತಿ, ಮೂರು ಬೆರಳು ವಿಭೂತಿಯಲ್ಲಿ ಅದ್ದಿಕೊಂಡು, ದೊಡ್ಡ ದನಿಯಲ್ಲಿ ನನ್ನನ್ನು ಕೇಳಿದಳು:

"ಯವ್ವಾ, ಇದಕ್ಕ ಹಣಿ ಎಲ್ಲೈತಿ?"

ಸರಿಯಾದ ಪ್ರಶ್ನೆ ಅದು. ಸ್ಕೂಟರಿಗೆ ದೀಪದ ಮೇಲೆ, ಹೊಲಿಗೆ ಯಂತ್ರಕ್ಕೆ ಗಾಲಿಯ ಮೇಲೆ. ವಿಮಾನಕ್ಕೆ ಎಲ್ಲಿ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ನನಗೆ ಗೊತ್ತಿತ್ತು. ಮೂತಿಯ ಪಂಖದ ನಡುವಿನ ಗುಂಬಜಿನ ಮೇಲೆ ಹಚ್ಚು, ಚಕ್ರದ ಮೇಲೆ ಹಚ್ಚು, ರೆಕ್ಕೆಯ ಅಂಚಿಗೆ ಬೇಡ ಎನ್ನಲು ಎರಡು ಉಸಿರು ಸಾಕಿತ್ತು. ಆದರೆ ಆ ಹೊತ್ತಿಗೆ ನಾನು ಅವಳ ಹತ್ತಿರ ಇರಲಿಲ್ಲ. ಬಾಗಿಲ ಬಳಿ ಆ ನಾಲ್ವರ ಜೊತೆ ನಿಂತಿದ್ದೆ. ಅವರಿಗೂ ಕೇಳಲಿ ಎಂದು ಹಿಂದಿಯಲ್ಲಿ ಹೇಳಿದೆ: "ಕಹೀಂ ಭೀ ಲಗಾ ದೋ ಮಾ, ಜಲ್ದೀ ಕರೋ." ಎಲ್ಲಾದರೂ ಹಚ್ಚು, ಬೇಗ ಮುಗಿಸು.

ಮನೆಯಲ್ಲಿ ನಾನು ಅವಳನ್ನು ಮಾ ಎನ್ನುವುದಿಲ್ಲ.

ಅವಳು ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ತನಗೆ ಹಣೆ ಅನ್ನಿಸಿದ ಕಡೆ, ಎಡ ರೆಕ್ಕೆಯ ಮುಂದಿನ ಅಂಚಿನ ಮೇಲೆ, ಮೂರು ಬೆರಳಿನ ಪಟ್ಟೆ ಎಳೆದಳು. ದಪ್ಪಗೆ, ಅಚ್ಚುಕಟ್ಟಾಗಿ. ನಡುವೆ ಕುಂಕುಮದ ಬೊಟ್ಟು.

ಮೂರನೇ ತಾರೀಖು ಬೆಳಿಗ್ಗೆ ಆರೂವರೆಗೆ ಅದೇ ವಿಮಾನದ ಸುತ್ತ ತಪಾಸಣೆಗೆ ನಿಂತೆ. ಎಣ್ಣೆ ನೋಡಿದೆ. ರೆಕ್ಕೆಯಡಿಯ ನಲ್ಲಿಯಿಂದ ಪೆಟ್ರೋಲು ಬಸಿದು ನೀರಿದೆಯೇ ಎಂದು ಬೆಳಕಿಗೆ ಹಿಡಿದೆ. ಸ್ಟೂಲ್ ಹತ್ತಿದೆ. ವಿಭೂತಿ ಒಣಗಿ ಸುಣ್ಣದಂತೆ ಗಟ್ಟಿಯಾಗಿತ್ತು, ಅದಕ್ಕೊಂದು ಹೂವಿನ ಎಸಳು ಅಂಟಿತ್ತು. ಕೈಯಲ್ಲಿ ಕರ್ಚೀಫಿತ್ತು. ಬಾಯಿ ಹತ್ತಿರ ಒಯ್ದವಳು ನಿಂತುಬಿಟ್ಟೆ. ಪೂಜೆಯಾದ ಜಾಗ. ಅದಕ್ಕೆ ಬಾಯಿ ಹಚ್ಚಿ ಎಂಜಲು ಮಾಡುವುದು ಹೇಗೆ? ಒರೆಸಿ ಹಚ್ಚೋಣವೆಂದರೆ ಹಬ್ಬ ಮುಗಿದು ಒಂದು ದಿನವೂ ಆಗಿಲ್ಲ, ಅವ್ವನ ಕೈಯ ವಿಭೂತಿ. ಮೊನ್ನೆ ಅವಳ ಪೂಜೆಗೆ ನಾಚಿದವಳಿಗೆ ಇಂದು ಅದೇ ಪೂಜೆಯ ಬಗ್ಗೆ ಇಷ್ಟು ಭಕ್ತಿ ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿಯುತ್ತಿಲ್ಲ. ಹಿಂದಿನ ಎಲ್ಲ ದಿನಗಳಲ್ಲಿ ಕೂಗಿದ್ದು ಇವತ್ತೂ ಕೂಗುತ್ತದೆ ಎಂದುಕೊಂಡು ಇಳಿದೆ. ಕ್ಯಾಪ್ಟನ್ ಸಾಹೇಬರು ಒಳಗೆ ಕೂತು ತಪಾಸಣೆಯ ಪಟ್ಟಿಯಿಂದ ಒಂದೊಂದೇ ಹೆಸರು ಹೇಳಿದರು. "ಹಾರ್ನ್?" ಎಂದಾಗ "ಚೆಕ್ಡ್, ಸರ್" ಎಂದೆ.

ಮೂರೂವರೆ ಸಾವಿರ ಅಡಿಗೆ ಏರಿದೆವು. ದೂರದಲ್ಲಿ ಗಂಗೆ ಮಳೆಗಾಲದ ನೀರು ಇಳಿದು ಮತ್ತೆ ಮರಳು ಬಿಟ್ಟುಕೊಟ್ಟಿತ್ತು. "ಕರೋ" ಎಂದರು, ಮಾಡು. ಕಪ್ಪು ಗುಬ್ಬಿ ಪೂರ್ತಿ ಹಿಂದಕ್ಕೆ ಎಳೆದೆ, ಮೂತಿ ಎತ್ತಿ ಹಿಡಿದೆ. ವೇಗದ ಮುಳ್ಳು ಇಳಿಯತೊಡಗಿತು. ಹಾರ್ನು ಕೂಗಬೇಕಾದ ವೇಗ ಬಂತು. ದಾಟಿತು. ಚುಕ್ಕಾಣಿ ಸಡಿಲವಾಯಿತು, ಕೆಸರಿನಲ್ಲಿ ಕೈಯಾಡಿಸಿದ ಹಾಗೆ. ನನಗೆ ಗಾಳಿಯ ಸದ್ದು ಕೂಡ ಕಡಿಮೆಯಾದದ್ದು ಕೇಳುತ್ತಿತ್ತು, ಹಾರ್ನು ಮಾತ್ರ ಇಲ್ಲ. ವಿಮಾನ ಒಮ್ಮೆ ನಡುಗಿ ಮೂತಿಯನ್ನು ತಾನೇ ಕೆಳಗೆ ಹಾಕಿತು. ರೆಕ್ಕೆಗಳು ಯಾವ ಕಡೆಗೂ ವಾಲಲಿಲ್ಲ. ನಾನು ಚುಕ್ಕಾಣಿ ಮುಂದಕ್ಕೆ ಬಿಟ್ಟು ಗುಬ್ಬಿ ಒತ್ತಿದೆ, ಅದು ಮೊದಲಿನಂತೆ ಹಾರತೊಡಗಿತು. ಅಷ್ಟೆ. ರೆಕ್ಕೆಯನ್ನು ತಿರುಚಿಟ್ಟವರು ತಮ್ಮ ಕೆಲಸ ಮಾಡಿದ್ದರು. ನಾನು ನನ್ನದು ಮಾಡಿರಲಿಲ್ಲ.

"ಸುನಾ ಕುಛ್?" ಕ್ಯಾಪ್ಟನ್ ಸಾಹೇಬರು ಕೇಳಿದರು. ಏನಾದರೂ ಕೇಳಿಸಿತೇ?

"ನಹೀಂ ಸರ್."

"ಹಮ್ ಭೀ ನಾಹೀಂ." ನನಗೂ ಇಲ್ಲ.

ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡು ಇನ್ನೊಮ್ಮೆ ಮಾಡಿದರು. ಈ ಸಲವೂ ಮೌನ. ಇಳಿದು ಎಂಜಿನ್ ಆರಿಸಿದ ಮೇಲೆ ರೆಕ್ಕೆಯ ಕೆಳಗೆ ಹೋಗಿ ನಿಂತು ಮೇಲೆ ನೋಡಿದರು. ಮೂರು ಬಿಳಿ ಪಟ್ಟೆಗಳಲ್ಲಿ ನಡುವಿನದು ನೇರವಾಗಿ ತೂತಿನ ಮೇಲೇ ಹಾದುಹೋಗಿ, ಒಳಗೂ ಇಳಿದು ಒಣಗಿತ್ತು.

"ಬಾಯಿ ಹಚ್ಚಿ ನೋಡಿದ್ದೆಯಾ?" ಎಂದು ಹಿಂದಿಯಲ್ಲಿ ಕೇಳಿದರು.

ಅಷ್ಟರಲ್ಲಿ ಉಳಿದವರೂ ಬಂದು ನಿಂತಿದ್ದರು. ನನ್ನ ಬಾಯಿಂದ ಬಂದದ್ದು ಆ ಪ್ರಶ್ನೆಗೆ ಉತ್ತರವಲ್ಲ. "ಸರ್, ಮಾ ನೇ ಲಗಾ ದಿಯಾ ಥಾ" ಎಂದೆ. ಅವ್ವ ಹಚ್ಚಿಬಿಟ್ಟಳು.

ಕ್ಯಾಪ್ಟನ್ ಸಾಹೇಬರು ನನ್ನ ಮುಖವನ್ನೇ ನೋಡಿದರು. "ಜಹಾಜ್ ತೋಹಾರ್ ಮಾಈ ಉಡಾವೇಲಿ ಕಾ?" ವಿಮಾನ ಹಾರಿಸುವುದು ನಿನ್ನ ತಾಯಿಯೇನು? ಯಾರೂ ನಗಲಿಲ್ಲ, ಗೋರಖ್‌ಪುರದ ಹುಡುಗ ಕೂಡ. ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತು.

ಮಿಸ್ತ್ರಿ ಕೊಳವೆ ಬಿಚ್ಚಿ ತೊಳೆದ. ಅಂದು ಇನ್ನೊಂದು ವಿಮಾನದಲ್ಲಿ ಒಬ್ಬನೇ ಹಾರಿದ್ದು ಆ ಹುಡುಗ. ನಾನು ಬೆಂಚಿನ ಮೇಲೆ ಕೂತು ಅವನು ಇಳಿಯುವುದನ್ನು ನೋಡಿದೆ. ಚೆನ್ನಾಗಿ ಇಳಿದ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕೇಳಿದಳು, ಒಬ್ಬಾಕೀನೇ ಹಾರಿಸಿದೆಯೇನು ಎಂದು. ಗಾಳಿ ಜೋರಿತ್ತು, ಮುಂದಕ್ಕೆ ಹಾಕಿದರು ಎಂದೆ. ಅಂದು ಗಾಳಿಯೇ ಇರಲಿಲ್ಲ. ಅವಳು ನಂಬಿದಳು. ಪಕ್ಕದ ಮನೆಯ ತಮಿಳು ಅಜ್ಜಿಗೆ, ಹೂವಿನವನಿಗೆ, ಎಲ್ಲರಿಗೂ ಅವಳು ವಿಮಾನಕ್ಕೆ ಪೂಜೆ ಮಾಡಿ ಬಂದ ಸುದ್ದಿ ಹೇಳಿಯಾಗಿತ್ತು. ಮಾಡರ್ನ್ ಸಾಮಾನು ಎಷ್ಟೇ ಇರಲಿ, ಕಾಯೋದು ಮಾತ್ರ ಅವನೇ ಎಂದು ಅಜ್ಜಿ ಹೇಳಿದ್ದನ್ನು ನನಗೆ ಬಂದು ಹೇಳಿದಳು. ಎರಡು ದಿನ ಇದನ್ನು ಕೇಳಿಸಿಕೊಂಡೆ. ಮೂರನೆಯ ದಿನ, ಅವಳು ಅಕ್ಕಿ ಆರಿಸುತ್ತಿದ್ದಾಗ, ತೂತು, ವಿಭೂತಿ, ಬಾಯಿ ಹಚ್ಚುವುದು, ಎಂಜಲು, ಎಲ್ಲ ಹೇಳಿದೆ. ಕ್ಯಾಪ್ಟನ್ ಸಾಹೇಬರಿಗೆ ನಾನು ಕೊಟ್ಟ ಉತ್ತರವೊಂದನ್ನು ಬಿಟ್ಟೆ.

ಅವಳ ಕೈ ನಿಂತಿತು. "ನಿನಗೇನರ ಆಗಿದ್ರ?" ಎಂದಳು.

"ಆಗಿಲ್ಲಲ್ಲ ಅವ್ವ."

"ಆಗಿದ್ರ ಅಂತ ಕೇಳಿದೆ."

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. "ಎಂಜಲಾ ಅಂತೀಯಲ್ಲ, ಊದೋ ಶಂಖಕ್ಕ ಬಾಯಿ ಹಚ್ಚದ ಊದತಾರೇನು? ಹಚ್ಚತಾರ, ತೊಳದು ಇಡತಾರ. ಅದರ ಕೆಲಸಾನ ಅದು." ಆಮೇಲೆ ಮೊರವನ್ನು ಮತ್ತೆ ಎಳೆದುಕೊಂಡು, ಅಕ್ಕಿಯ ಕಡೆ ನೋಡುತ್ತಲೇ, "ನಾ ಕೇಳಿದ್ನಲ್ಲವಾ, ಹಣಿ ಎಲ್ಲೈತಿ ಅಂತ" ಎಂದಳು.

ಕೇಳಿದ್ದಳು.

ಆ ತೂತನ್ನು ತಾನು ನೋಡಲೇಬೇಕು ಎಂದು ಹಟ ಹಿಡಿದಳು. ಬೇಡ ಎಂದೆ. ಮತ್ತೆ ಹ್ಯಾಂಗರಿನಲ್ಲಿ ಅವಳು, ಆ ನಾಲ್ವರು, ಮೊಬೈಲು: ನನ್ನಿಂದಾಗದು ಅನ್ನಿಸಿತ್ತು. ಮೊನ್ನೆ ಶುಕ್ರವಾರ, ಹತ್ತನೇ ತಾರೀಖು, ನಾನು ಬಸ್ ಹತ್ತಿದಾಗ ಅವಳೂ ಹತ್ತಿದಳು.

ಅವಳು ನೇರವಾಗಿ ಕ್ಯಾಪ್ಟನ್ ಸಾಹೇಬರ ಮುಂದೆ ಹೋಗಿ ಕೈಮುಗಿದಳು. ತನ್ನ ಹಿಂದಿಯಲ್ಲಿ, "ಭಾಯಿಸಾಬ್, ವೋ ಛೇದ್ ಮೇರೇಕೋ ದಿಖಾವ್" ಎಂದಳು. ಆ ತೂತು ನನಗೆ ತೋರಿಸಿ. ಹಿಂದೆ ನಿಂತಿದ್ದ ಗೋರಖ್‌ಪುರದ ಹುಡುಗನಿಗೆ ತಡೆಯಲಾಗಲಿಲ್ಲ. "ಆಂಟೀ, ಇಸ್ನೇ ತೋ ಆಪ್ ಕಾ ಹೀ ನಾಮ್ ಲಗಾ ದಿಯಾ ಥಾ ಉಸ್ ದಿನ್" ಎಂದ. ಅಂದು ಇವಳು ನಿಮ್ಮ ಹೆಸರನ್ನೇ ಮುಂದೆ ಮಾಡಿದಳು.

ನಾನು ನೆಲ ನೋಡಿದೆ. ಅವ್ವ ಅವನ ಕಡೆ ತಿರುಗಿದಳು. "ಹಾಂ. ಮೈ ಹೀ ಲಗಾಯೀ" ಎಂದಳು, ಸಹಜವಾಗಿ, ಹೌದು, ನಾನೇ ಹಚ್ಚಿದೆ, ಅದರಲ್ಲೇನಿದೆ ಎನ್ನುವಂತೆ. ನನ್ನ ಕಡೆ ನೋಡಲಿಲ್ಲ. ಅವಳು ನೋಡಿ ಬೈದಿದ್ದರೆ ನನಗೆ ಹೇಗಾಗುತ್ತಿತ್ತೋ ಗೊತ್ತಿಲ್ಲ. ನೋಡದೆ ಇದ್ದದ್ದು ಹೇಗಿತ್ತೆಂದು ಮಾತ್ರ ಗೊತ್ತು.

ಕ್ಯಾಪ್ಟನ್ ಸಾಹೇಬರು ತಾವೇ ಸ್ಟೂಲ್ ಎಳೆದು ಹಾಕಿದರು. ಅವ್ವ ಹತ್ತಿದಳು. ತೂತಿನ ಅಂಚನ್ನು ಬೆರಳಿನಿಂದ ಮುಟ್ಟಿ, "ಇಷ್ಟ ಐತಲ್ಲ" ಎಂದು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಂಡಳು. ಅವರು ಹೇಗೆ ಎಂದು ತೋರಿಸಿದರು. ಅವಳು ಸೆರಗಿನ ತುದಿಯನ್ನು ಅದರ ಮೇಲಿಟ್ಟು, ಬಾಯಿ ಹಚ್ಚಿ ಎಳೆದಳು. ಒಳಗಿನಿಂದ ಹಾರ್ನು ಕೂಗಿತು. ಅವಳು ಬೆಚ್ಚಿ ಹಿಂದೆ ಸರಿದಳು, ಕ್ಯಾಪ್ಟನ್ ಸಾಹೇಬರು ಮೊಣಕೈ ಹಿಡಿದರು.

"ಎಮ್ಮಿ ಕರಾ ಒದರಿದಂಗ ಆತಲ್ಲ" ಎಂದಳು.

ಅವರು ಏನಂತೆ ಎಂದು ನನ್ನ ಕಡೆ ನೋಡಿದರು. ನಾನು ಅನುವಾದ ಮಾಡಿದೆ. ಅವರು ಮೊದಲ ಸಲ ನಕ್ಕದ್ದನ್ನು ನೋಡಿದೆ. "ಮಾತಾಜೀ ತೋ ಪಾಸ್ ಹೋ ಗಯೀಂ" ಎಂದರು, ತಾಯಿಯವರಂತೂ ಪಾಸಾದರು. ಆಮೇಲೆ ಸುತ್ತು ಹಾಕಿ ಒಂದೊಂದನ್ನೇ ತೋರಿಸಿದರು: ಬಾಗಿಲ ಮುಂದಿನ ಸಣ್ಣ ತೂತು, ಅದು ಮುಚ್ಚಿದರೆ ಎತ್ತರದ ಮುಳ್ಳು ನಿಂತಲ್ಲೇ ನಿಲ್ಲುತ್ತದೆ, ರೆಕ್ಕೆಯಡಿಯ ಕೊಳವೆ, ಅದು ಮುಚ್ಚಿದರೆ ವೇಗ ತಿಳಿಯುವುದಿಲ್ಲ, ಪೆಟ್ರೋಲು ಟ್ಯಾಂಕಿಗೆ ಉಸಿರಾಡಲು ಇನ್ನೊಂದು. ಅವಳು ಪ್ರತಿಯೊಂದಕ್ಕೂ ತಲೆಯಾಡಿಸಿ, "ಹಂಗಾರ ಇದರ ಮೈಯೆಲ್ಲಾ ಮೂಗ ಐತಿ" ಎಂದಳು. ಅದನ್ನೂ ನಾನೇ ಹಿಂದಿಯಲ್ಲಿ ಹೇಳಬೇಕಾಯಿತು.

ಕೊನೆಗೆ ಅವಳು ಬಂದ ಕೆಲಸಕ್ಕೆ ಬಂದಳು. "ಈಕೀ ಒಬ್ಬಾಕೀ ಹೋಗಬಹುದೇನು, ಕೇಳವರನ್ನ" ಎಂದಳು. ನಾನು ಕೇಳಲಿಲ್ಲ. ಅವಳೇ ಹಿಂದಿಯಲ್ಲಿ ಕೇಳಿದಳು.

ಕ್ಯಾಪ್ಟನ್ ಸಾಹೇಬರು ಪಂಖಕ್ಕೆ ಒರಗಿ ನಿಲ್ಲುವ ಚಟದವರಲ್ಲ, ದೂರವೇ ನಿಂತು ಕೈ ಕಟ್ಟಿದರು. "ಹಾರಿಸಲು ಬರುತ್ತದೆ, ಅದರಲ್ಲಿ ಅನುಮಾನವಿಲ್ಲ" ಎಂದರು. "ಇವತ್ತು ಗಾಳಿಯೂ ಚೆನ್ನಾಗಿದೆ. ಇವಳನ್ನೇ ಕೇಳಿ. ಇವಳು ಹೂಂ ಎಂದರೆ ನಾನು ಇಳಿಯುತ್ತೇನೆ."

ಎಲ್ಲರೂ ನನ್ನ ಕಡೆ ನೋಡಿದರು. ಹೂಂ ಎಂದಿದ್ದರೆ ಹತ್ತು ನಿಮಿಷದಲ್ಲಿ ನನ್ನ ಲೆಕ್ಕದ ಸೊನ್ನೆ ಹೋಗುತ್ತಿತ್ತು, ಅವ್ವ ಅದನ್ನು ಕಣ್ಣಾರೆ ನೋಡುತ್ತಿದ್ದಳು. ಆದರೆ ಅಲ್ಲಿ ಮೇಲೆ ಪಕ್ಕದ ಸೀಟು ಖಾಲಿ ಇರುತ್ತದೆ. ಏನಾದರೂ ತಪ್ಪಿದರೆ ಇನ್ನೊಬ್ಬರ ಹೆಸರು ಹೇಳುವವಳು ಅಲ್ಲಿ ಕೂರಬಾರದು. ಹಾಗೆ ಹೇಳಿ ಇನ್ನೂ ಒಂದು ವಾರವಾಗಿತ್ತಷ್ಟೆ.

"ಇನ್ನೂ ಇಲ್ಲ ಅವ್ವ" ಎಂದೆ. ಆಮೇಲೆ ಉಳಿದವರಿಗಾಗಿ ಹಿಂದಿಯಲ್ಲೂ ಹೇಳಿದೆ.

ಅವ್ವ ಸೆರಗಿಗೆ ಅಂಟಿದ ಧೂಳು ಕೊಡವಿಕೊಂಡಳು. ಕ್ಯಾಪ್ಟನ್ ಸಾಹೇಬರು ಸರಿ ಎಂದು ತಲೆಯಾಡಿಸಿ, ನಿನಗೆ ಹೂಂ ಅನ್ನಿಸಿದ ದಿನ ಬಂದು ಹೇಳು, ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಎರಡೂ ವಿಮಾನಗಳ ಹಾರ್ನಿಗೆ ಬಾಯಿ ಹಚ್ಚುವ ಕೆಲಸ ನಿನ್ನದು ಎಂದರು. ನಿನ್ನೆ ಹಚ್ಚಿದೆ. ಎರಡೂ ಕೂಗಿದವು. ಸೊನ್ನೆ ಹಾಗೇ ಇದೆ.

ಅವರು ಇನ್ನೂ ಒಂದು ಕೆಲಸ ಕೊಟ್ಟಿದ್ದಾರೆ. ಮುಂದಿನ ಹಬ್ಬದೊಳಗೆ ಹ್ಯಾಂಗರಿನ ಗೋಡೆಗೆ ಒಂದು ಚಿತ್ರ ಬರೆದು ಹಾಕಬೇಕು: ವಿಮಾನಕ್ಕೆ ವಿಭೂತಿ, ಗಂಧ, ಕುಂಕುಮ, ಹೂವು ಎಲ್ಲಿ ಹಚ್ಚಬಹುದು, ಎಲ್ಲಿ ಕೂಡದು. ನನಗೆ ನಮ್ಮ ಈ ಒಂದು ಜಾತಿಯ ವಿಮಾನವಷ್ಟೇ ಗೊತ್ತು. ಕೆಲವು ವಿಮಾನಗಳಲ್ಲಿ ಹಾರ್ನಿನ ತೂತಿಗೆ ಬದಲು ಗಾಳಿಗೆ ಮೇಲೇಳುವ ಸಣ್ಣ ತಗಡು ಇರುತ್ತದಂತೆ. ಅದಕ್ಕೆ ಹೂವಿನ ದಾರ ಸಿಕ್ಕಿಕೊಂಡರೆ ಏನಾಗುತ್ತದೆ, ಪರೀಕ್ಷೆ ಹೇಗೆ ಎಂದು ನನಗೆ ತಿಳಿಯದು. ಬಾಯಿ ಹಚ್ಚದೆ ಹಾರ್ನು ನೋಡುವ ಬೇರೆ ರೀತಿ ಇದೆಯೋ ತಿಳಿಯದು. ಓದುವವರಲ್ಲಿ ಯಾರಾದರೂ ಸಣ್ಣ ವಿಮಾನಗಳ ಜೊತೆ ಕೆಲಸ ಮಾಡಿದವರಿದ್ದರೆ, ಖಂಡೇನವಮಿಗೆ ನಿಮ್ಮ ಹ್ಯಾಂಗರಿನಲ್ಲಿ ಎಲ್ಲಿ ಹಚ್ಚುತ್ತೀರಿ, ಯಾವುದನ್ನು ಬಿಡುತ್ತೀರಿ ಎಂದು ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ. ಚಿತ್ರವನ್ನು ನಾನು ಸೀಸದ ಕಡ್ಡಿಯಲ್ಲೇ ಬರೆದಿದ್ದೇನೆ, ತಿದ್ದಲು ಬರುತ್ತದೆ.